ದ್ವೀಪ ಯಾಕೆ, ಶಿರಾಡಿ ಸಾಲದಾ?

ಒಂದು ಪ್ರಶ್ನೆ ಕೇಳ್ತೇನೆ, ಸತ್ಯ ಹೇಳಬೇಕು ಆಯ್ತಾ? ನೀವು ಕಡೇ ಸಲ ಬದಲಾದದ್ದು ಯಾವಾಗ? ಮೊಬೈಲು ಬದಲಾಯಿಸಿದ್ದರ ಲೆಕ್ಕ ಬೇಡ, ಮನೆಗೆ ಪೈಂಟು ಹೊಡೆಸಿದ್ದೂ ಬೇಡ. ನೀವು, ನಿಮ್ಮ ಗುಣ, ನಿಮ್ಮ ಬುದ್ಧಿ. ಎಂತ, ನೆನಪಾಗ್ತಾ ಇಲ್ವಾ? (ಮನೆಯವರ ಹತ್ತಿರ ಕೇಳಬೇಡಿ. ಅವರಲ್ಲಿ ಲಿಸ್ಟು ಉಂಟು, ಆದರೆ ಅದು ನೀವು ಹಾಳಾದದ್ದರ ಲಿಸ್ಟು.)

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಹೋದ ಮಳೆಗಾಲದಲ್ಲಿ. ನಮ್ಮ ಮನೆ ಕಬಕದಲ್ಲಿ. ಕಬಕ ಅಂದ ಕೂಡಲೇ "ಓ, ಆ ರೈಲ್ವೆ ಸ್ಟೇಷನ್ನು!" ಅಂತೀರಿ, ಗೊತ್ತುಂಟು. ಬೋರ್ಡಿನಲ್ಲಿ 'ಕಬಕ ಪುತ್ತೂರು' ಅಂತ ಇರುವುದು ನಿಜ. ಆದರೆ ಸ್ಟೇಷನ್ನು ಇರುವುದು ಪುತ್ತೂರು ಪೇಟೆಯಲ್ಲಿ. ಅಲ್ಲಿ ಇಳಿದು ಕಬಕ ಎಲ್ಲಿ ಅಂತ ಕೇಳಿದವರು ಮತ್ತೆ ಬಸ್ಸೋ ರಿಕ್ಷಾವೋ ಹಿಡಿದೇ ಬರಬೇಕು. ಹೆಸರು ಅಲ್ಲಿ, ಊರು ಇಲ್ಲಿ.

ಜುಲೈ ತಿಂಗಳು. ಮಳೆ ಅಂದರೆ ಎಂತ ಮಳೆ ಮಾರಾಯ್ರೆ, ಬಿಡಿಸಿದ ಕೊಡೆಯ ಮೇಲೇ ಪಾಪ ಅನ್ನಿಸುವಂಥ ಮಳೆ. ಅಡಿಕೆಗೆ ಮದ್ದು ಬಿಡಲಿಕ್ಕೆ ಅರ್ಧ ದಿನದ ಬಿಸಿಲು ಇಲ್ಲ, ಕೊಳೆರೋಗದ ಹೆದರಿಕೆ ಬೇರೆ. ಕರೆಂಟು ದೂರದ ನೆಂಟರ ಹಾಗೆ: "ಬಂತು, ಬಂತು" ಅಂತ ಎಲ್ಲರೂ ಎದ್ದು ನಿಲ್ಲುವಷ್ಟರಲ್ಲಿ ಹೊರಟಾಯ್ತು. ನೆಟ್‌ವರ್ಕು ಬೇಕಾದರೆ ಗುಡ್ಡೆ ಹತ್ತಬೇಕು, ಹತ್ತಿದರೆ ಜಿಗಣೆ ಉಚಿತ.

ಅದಕ್ಕೆ ಸ್ವಲ್ಪ ಮೊದಲು ಬೆಂಗಳೂರಿನಲ್ಲಿರುವ ತಮ್ಮನ ಮಗ ಬಂದಿದ್ದವ ಒಂದು ಹಾರ್ಡ್ ಡಿಸ್ಕು, ಒಂದು ಹಳೇ ಲ್ಯಾಪ್‌ಟಾಪು ಬಿಟ್ಟುಹೋಗಿದ್ದ. "ಅತ್ತೆ, ಅದೇ ಅತ್ತೆ-ಸೊಸೆ ಜಗಳ ಎಷ್ಟು ವರ್ಷ ನೋಡ್ತೀರಿ? ಇದನ್ನೊಮ್ಮೆ ನೋಡಿ." ಅದರಲ್ಲಿ ಇದ್ದದ್ದು 'ಲಾಸ್ಟ್'. (ಇದೆಲ್ಲ ಅವನಿಗೆ ಎಲ್ಲಿಂದ ಸಿಕ್ಕಿತು ಅಂತ ನಾನು ಕೇಳಲಿಲ್ಲ. ನೀವೂ ಕೇಳಬೇಡಿ.)

ನೀವು ನೋಡಿರಬಹುದು. ನೋಡದಿದ್ದರೆ ಚುಟುಕಾಗಿ ಹೇಳ್ತೇನೆ. ಸಿಡ್ನಿಯಿಂದ ಲಾಸ್ ಏಂಜಲೀಸಿಗೆ ಹೊರಟ ಓಷಿಯಾನಿಕ್ 815 ಎಂಬ ವಿಮಾನ ಆಕಾಶದಲ್ಲೇ ತುಂಡಾಗಿ ಒಂದು ದ್ವೀಪಕ್ಕೆ ಬೀಳ್ತದೆ. ನಡುಭಾಗದಲ್ಲಿ ಇದ್ದವರಲ್ಲಿ 48 ಜನ ಉಳಿಯುತ್ತಾರೆ. ಅಮೆರಿಕದ ಎಬಿಸಿ ಚಾನೆಲಿನಲ್ಲಿ 2004ರ ಸೆಪ್ಟೆಂಬರ್ 22ಕ್ಕೆ ಶುರುವಾಗಿ 2010ರ ಮೇ 23ಕ್ಕೆ ಮುಗಿದದ್ದು, ಒಟ್ಟು ಆರು ಸೀಸನ್ನು. ಶೂಟಿಂಗು ಹವಾಯಿಯ ಒವಾಹು ದ್ವೀಪದಲ್ಲಿ. ನಮ್ಮವರು ಮೊದಲ ಎಪಿಸೋಡು ನೋಡಿ ಹೇಳಿದ್ದು ಒಂದೇ ಮಾತು: "ಇದಕ್ಕೆ ಅಷ್ಟು ದೂರ ಯಾಕೆ ಹೋದರು? ಬಿಸಿಲೆ ಘಾಟಿ ಸಾಕಿತ್ತಲ್ಲ."

ನಮ್ಮವರ ಬಗ್ಗೆ ಒಂದು ವಿಷಯ ಈಗಲೇ ಹೇಳಿಬಿಡ್ತೇನೆ. ಅವರಿಗೆ ಯಾವ ಕಥೆಯ ಕೊನೆಯೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ತಾಳಮದ್ದಳೆಯಲ್ಲಿ ಪಕ್ಕ ಕೂತವರಿಗೆ "ಈಗ ನೋಡಿ, ಕರ್ಣ ಸಾಯ್ತಾನೆ" ಅಂತ ಹೇಳುವ ಜನ. ಕರ್ಣ ಸಾಯುವುದು ದ್ವಾಪರದಿಂದ ಎಲ್ಲರಿಗೂ ಗೊತ್ತುಂಟು, ಆದರೂ ಹೇಳಬೇಕು. (ನಿಮ್ಮ ಮನೆಯಲ್ಲೂ ಒಬ್ಬರಿದ್ದಾರಲ್ವಾ? ಅಥವಾ ಅದು ನೀವೇಯೋ?)

ಸರಿ, ಪಾತ್ರ ಬದಲಾಗುವ ವಿಷಯಕ್ಕೆ ಬರುವ. ನಮ್ಮ ಕನ್ನಡ ಧಾರಾವಾಹಿಯಲ್ಲಿ ಪಾತ್ರ ಬದಲಾಗುವುದು ಹೇಗೆ? ನಿನ್ನೆಯ ತನಕ ಗುಂಗುರು ಕೂದಲಿನ ಸಪೂರ ಗಂಡ. ಇವತ್ತು ಬಾಗಿಲು ತೆರೆದರೆ ಮೀಸೆಯ ದಪ್ಪ ಗಂಡ. ಕೆಳಗೆ ಒಂದು ಪಟ್ಟಿ ಓಡ್ತದೆ, ಇನ್ನು ಮುಂದೆ ಈ ಪಾತ್ರದಲ್ಲಿ ಇಂತಿಂಥವರು. ಹೆಂಡತಿಗೆ ಎಂತದೂ ಅನ್ನಿಸುವುದಿಲ್ಲ, "ಬಂದ್ರಾ? ಕಾಫಿ ತರ್ಲಾ?" ಅಂತಾಳೆ. ನೀವೂ ಎರಡು ದಿನ ಗೊಣಗಿ ಮೂರನೇ ದಿನಕ್ಕೆ ಅವನನ್ನೇ ಗಂಡ ಅಂತ ಒಪ್ಪುತ್ತೀರಿ.

ಇನ್ನು ಕಾಡಿನಲ್ಲಿ ಸಿಕ್ಕಿಬಿದ್ದವರ ಕಥೆ ನಮ್ಮಲ್ಲೂ ಆಗಿದೆ. 'ಪುಟ್ಟಗೌರಿ ಮದುವೆ'ಯ ಗೌರಿಯನ್ನು ಕಾಡಿಗೆ ಹಾಕಿದಾಗ ನೀವೆಲ್ಲ ಮೊಬೈಲಿನಲ್ಲಿ ಟ್ರೋಲು ಹಂಚಿ ಹಂಚಿ ನಕ್ಕದ್ದು ನನಗೆ ನೆನಪುಂಟು. ನಕ್ಕದ್ದೂ ನೀವೇ, ರಾತ್ರಿ ಹೊತ್ತಿಗೆ ಸರಿಯಾಗಿ ಟಿವಿ ಹಾಕಿದ್ದೂ ನೀವೇ. ಆ ಹುಡುಗಿ ಕಾಡಿಗೆ ಹೋಗುವಾಗ ಎಷ್ಟು ಒಳ್ಳೆಯವಳೋ ಬರುವಾಗಲೂ ಅಷ್ಟೇ ಒಳ್ಳೆಯವಳು. ಪಾಪ, ಕಾಡಿಗೂ ಬೋರಾಗಿರಬೇಕು.

ಲಾಸ್ಟಿನಲ್ಲಿ ಹಾಗಲ್ಲ ಮಾರಾಯ್ರೆ. ಅಲ್ಲಿ ನಟ ಅವನೇ, ಒಳಗಿನ ಮನುಷ್ಯ ಬೇರೆ. ಲಾಕ್ ಅಂತ ಒಬ್ಬ ಬೋಳು ತಲೆಯವ ಇದ್ದಾನೆ, ಕಡೆಗೆ ಅವನ ರೂಪದಲ್ಲಿ ಇನ್ನೊಬ್ಬನೇ ಓಡಾಡ್ತಾನೆ. ಇದು ನಮ್ಮವರಿಗೆ ಸಮಾ ಖುಷಿಯಾಯಿತು. ಮಾಯಾ ಶೂರ್ಪನಖಿ, ಮಾಯಾಮೃಗ ಎಲ್ಲ ಆಟದಲ್ಲಿ ನೋಡಿ ಬೆಳೆದ ಜನ ಅಲ್ವಾ ನಾವು? ಅಮೆರಿಕದವರು ತಲೆ ಕೆರೆದುಕೊಂಡ ಜಾಗದಲ್ಲಿ ಕಬಕದವರು ಚಾ ಕುಡಿದರು.

ಈ ಲಾಕ್ ಮೊದಲು ಡಬ್ಬ ಮಾಡುವ ಕಂಪನಿಯ ಒಬ್ಬ ಗುಮಾಸ್ತ. ನಾಲ್ಕು ವರ್ಷದಿಂದ ವೀಲ್ ಚೇರಿನಲ್ಲಿ. ಹೆತ್ತ ಅಪ್ಪನೇ ಮೋಸ ಮಾಡಿ ಒಂದು ಕಿಡ್ನಿ ಹೊಡೆದುಕೊಂಡು ಹೋಗಿದ್ದಾನೆ. ವಿಮಾನ ಬಿದ್ದ ಮೇಲೆ ಮರಳಿನಲ್ಲಿ ಕಾಲಿನ ಹೆಬ್ಬೆರಳು ಅಲ್ಲಾಡ್ತದೆ, ಎದ್ದು ನಿಲ್ತಾನೆ. ಅಲ್ಲಿಂದ ಅವ ಬೇಟೆಗಾರ, ಗುರು, ಎಲ್ಲ. ಆ ಎಪಿಸೋಡಿನಲ್ಲಿ ನಾನು ಅತ್ತೆ. ನಮ್ಮವರು "ಹೊಗೆ" ಅಂದರು. (ಒಲೆ ಆರಿ ಎರಡು ಗಂಟೆ ಆಗಿತ್ತು.)

ಡಾಕ್ಟರ್ ಜ್ಯಾಕ್ ಇದ್ದಾನಲ್ಲ, ಅವನಿಗೆ ಎಲ್ಲರನ್ನೂ ಸರಿ ಮಾಡುವ ಚಟ. ಪುರಾವೆ ಇಲ್ಲದ್ದನ್ನು ನಂಬುವುದಿಲ್ಲ, ದ್ವೀಪದಿಂದ ಹೊರಗೆ ಹೋಗಬೇಕು ಅಂತ ಒಂದೇ ಹಟ. ಕಷ್ಟಪಟ್ಟು ಹೋದ. ಹೋದವ ಗಡ್ಡ ಬಿಟ್ಟು, ಕುಡಿದು, ಮತ್ತೆ ಅಲ್ಲಿಗೇ ಹೋಗಬೇಕು ಅಂತ ಬೊಬ್ಬೆ ಹೊಡೆದ! ನಿಮಗೆ ನಗು ಬಂತಾ? ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ನಿಮ್ಮ ಭಾವನ ಮಗ ಈಗ "ಊರಿಗೆ ಬಂದು ತೋಟ ಮಾಡ್ತೇನೆ" ಅಂತ ವಾಟ್ಸಾಪಿನಲ್ಲಿ ಹಾಕುವುದು ಬೇರೆ ಎಂತ? (ಬಂದು ಒಂದು ಮಳೆಗಾಲ ಕಳೆಯಲಿ. ಗಡ್ಡ ತನ್ನಿಂದ ತಾನೇ ಹೋಗ್ತದೆ.)

ಮಜಾ ಎಂತ ಗೊತ್ತುಂಟಾ? ಮೊದಲ ಲೆಕ್ಕಾಚಾರದಲ್ಲಿ ಈ ಜ್ಯಾಕ್ ಮೊದಲ ಕಂತಿನಲ್ಲೇ ಸಾಯಬೇಕಿತ್ತಂತೆ. ಆಮೇಲೆ ಮನಸ್ಸು ಬದಲಾಯಿಸಿ ಕಡೇ ತನಕ ಉಳಿಸಿಕೊಂಡರು. ಬೆನ್ ಎಂಬ ಕಣ್ಣು ಬಿಡುವ ಖಳನನ್ನು ಕರೆದದ್ದು ಮೂರೇ ಎಪಿಸೋಡಿಗೆ. ಮೂರು ದಿನಕ್ಕೆ ಅಂತ ಬಂದು ಮಾವಿನ ಮಿಡಿಯಿಂದ ಹಲಸಿನ ಹಣ್ಣಿನ ತನಕ ಉಳಿದ ನೆಂಟರನ್ನು ನೀವು ನೋಡಿಲ್ವಾ? ಹಾಗೆಯೇ ಅವನೂ ಉಳಿದ. ಆ ನಟ ಮೈಕೆಲ್ ಎಮರ್ಸನ್‌ಗೆ 2009ರಲ್ಲಿ ಎಮ್ಮಿ ಪ್ರಶಸ್ತಿಯೇ ಬಂತು.

ವಾಲ್ಟ್ ಅಂತ ಒಬ್ಬ ಹುಡುಗನ ಕಥೆ ಇದರ ಉಲ್ಟಾ. ಮೊದಲ ಸೀಸನ್ನಿನಲ್ಲಿ ಕಥೆಯ ಲೆಕ್ಕಕ್ಕೆ ಕಳೆದದ್ದು ಸುಮಾರು ಒಂದೂವರೆ ತಿಂಗಳು, ಶೂಟಿಂಗಿಗೆ ಹಿಡಿದದ್ದು ಎಷ್ಟೋ ತಿಂಗಳು. ಮಕ್ಕಳು ಸುಮ್ಮನೆ ಇರ್ತಾರಾ? ಹುಡುಗ ಬಿದಿರಿನ ಹಾಗೆ ಎತ್ತರ ಆದ. ಕಥೆಯಿಂದ ಹೆಚ್ಚುಕಡಿಮೆ ಹೊರಗೇ ಹಾಕಬೇಕಾಯಿತು. ಅಷ್ಟು ದೊಡ್ಡ ಬರಹಗಾರರ ಪಟಾಲಂ, ಒಬ್ಬ ಹುಡುಗನ ಹೈಟಿನ ಎದುರು ಸೋತರು.

ಇನ್ನು ಸಾಯರ್. ಹೆಂಗಸರಿಗೆ ಅವನ ಮೇಲೆ ಕಣ್ಣು ಅಂತ ತಮ್ಮನ ಮಗ ಮೊದಲೇ ಹೇಳಿದ್ದ. (ನಾನು ಏನೂ ಹೇಳುವುದಿಲ್ಲ.) ಅವ ಪಕ್ಕಾ ಮೋಸಗಾರ. ಸಣ್ಣವನಿರುವಾಗ ಇಂಥವನೇ ಒಬ್ಬ ಮೋಸಗಾರನ ದೆಸೆಯಿಂದ ಅಪ್ಪ ಅಮ್ಮನನ್ನು ಕೊಂದು ತಾನೂ ಸತ್ತ. ಹುಡುಗ ಆ ಮೋಸಗಾರನ ಹೆಸರನ್ನೇ ಇಟ್ಟುಕೊಂಡು ಅವನ ಹಾಗೆಯೇ ಆದ. ದ್ವೀಪದಲ್ಲಿ ಸತ್ತವರ ಸೂಟ್‌ಕೇಸಿನಿಂದ ಮದ್ದು, ಪುಸ್ತಕ, ಸಿಕ್ಕಿದ್ದೆಲ್ಲ ಗುಡ್ಡೆ ಹಾಕಿ ಕೂತ. ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು. ಆ ಒಂದು ವಿದ್ಯೆಗೆ ಅವನನ್ನು ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟರೆ ಒಂದೇ ದಿನದಲ್ಲಿ ಊರಿನವನಾಗುತ್ತಿದ್ದ.

ಅಂಥವ ಮುಂದೆ ಎಂತ ಆದ ಅಂತೀರಿ! ಉಳಿದವರು ಬದುಕಲಿ ಅಂತ... ಬೇಡ, ಹೇಳುವುದಿಲ್ಲ. ನಾನು ನಮ್ಮವರ ಹಾಗೆ ಅಲ್ಲ.

ಕೊರಿಯಾದ ಗಂಡಹೆಂಡತಿ ಜಿನ್ ಮತ್ತು ಸನ್ ಕೂಡ ನನಗೆ ಆಪ್ತರಾದರು. ಮೊದಲಿಗೆ ಜಿನ್ ಹೆಂಡತಿಗೆ ಅಂಗಿಯ ಮೇಲಿನ ಗುಬ್ಬಿ ಹಾಕು ಅಂತ ಗದರಿಸುವ ಗಂಡ. ಹೆಂಡತಿಗೆ ಇಂಗ್ಲಿಷ್ ಬರ್ತದೆ ಅಂತಲೇ ಅವನಿಗೆ ಗೊತ್ತಿಲ್ಲ. ಅವಳು ಅವನನ್ನು ಬಿಟ್ಟುಹೋಗಲಿಕ್ಕೆ ಅಂತ ಗುಟ್ಟಿನಲ್ಲಿ ಕಲಿತದ್ದು! ನಾನು ಇದನ್ನು ನೋಡಿ ನಮ್ಮವರ ಮುಖ ನೋಡಿದೆ. ಅವರು ಕೇಳಿದರು, "ನಿನಗೆ ನಮಗೆ ಗೊತ್ತಿಲ್ಲದ ಭಾಷೆ ಎಂತಾದರೂ ಬರ್ತದಾ?" ಬರ್ತದೆ. ಹೇಳಲಿಲ್ಲ.

ಸಯೀದ್ ಇರಾಕಿನ ಸೈನಿಕ, ಕೈದಿಗಳ ಬಾಯಿ ಬಿಡಿಸುವ ಕೆಲಸ ಮಾಡಿದವ. ಆ ಪಾತ್ರದ ನಟ ನವೀನ್ ಆಂಡ್ರ್ಯೂಸ್ ಲಂಡನ್ನಿನಲ್ಲಿ ಹುಟ್ಟಿದ್ದು, ಅಪ್ಪ ಅಮ್ಮ ಕೇರಳದವರು. ಇಷ್ಟು ಗೊತ್ತಾದ್ದೇ ಸೈ, ನಮ್ಮವರು ಅವನ ಎಲ್ಲ ತಪ್ಪನ್ನೂ ಮನ್ನಿಸಿಬಿಟ್ಟರು. "ಪಾಪ, ಗಡಿಯಾಚೆಯವ." ಮತ್ತೆ ಆ ದ್ವೀಪದಲ್ಲಿ ಹಿಂದೆ 'ಧರ್ಮಾ ಇನಿಶಿಯೇಟಿವ್' ಅಂತ ಸಂಶೋಧಕರು ಇದ್ದರಂತೆ, ಅವರು ಒಬ್ಬರಿಗೊಬ್ಬರು ಹೇಳುವುದು "ನಮಸ್ತೆ"! ನಾನು ಕನ್ನಡಕ ಒರಸಿ ಇನ್ನೊಮ್ಮೆ ನೋಡಿದೆ.

ಅದೇ ಸಂಶೋಧಕರು ನೆಲದಡಿಯಲ್ಲಿ ಒಂದು ಮಾಳಿಗೆ ಮಾಡಿಟ್ಟಿದ್ದಾರೆ. ಅಲ್ಲಿ ಪ್ರತಿ 108 ನಿಮಿಷಕ್ಕೊಮ್ಮೆ ಒಂದು ನಂಬರು ಕುಟ್ಟಿ ಗುಂಡಿ ಒತ್ತಬೇಕು, ಇಲ್ಲದಿದ್ದರೆ ಪ್ರಳಯ. ನಂಬರು 4, 8, 15, 16, 23, 42. ಕೂಡಿಸಿ ನೋಡಿ, 108 ಬರ್ತದೆ. (ಈಗ ಬೆರಳು ಎಣಿಸಿದಿರಲ್ವಾ? ನಾನೂ ಎಣಿಸಿದೆ.) ಡೆಸ್ಮಂಡ್ ಎಂಬವ ಹೀಗೆ ಮೂರು ವರ್ಷ ಒತ್ತಿದ ಅಂತ ದೊಡ್ಡ ಸುದ್ದಿ. ತ್ರೀ ಫೇಸ್ ಕರೆಂಟು ಬರುವುದನ್ನೇ ಕಾದು ನಡುರಾತ್ರಿ ಎದ್ದು ತೋಟದ ಪಂಪಿನ ಸ್ವಿಚ್ಚು ಒತ್ತಿದವರು ನಮ್ಮ ಮಾವ, ಮೂವತ್ತು ವರ್ಷ. ಅವರನ್ನು ಯಾರೂ ಧಾರಾವಾಹಿ ಮಾಡಲಿಲ್ಲ.

ಈಗ ಅಸಲು ವಿಷಯ. ಮೂರನೇ ಸೀಸನ್ನಿನ ಹೊತ್ತಿಗೆ ನೀವು ಹೇಳುವ ಮಾತು ನನಗೆ ಗೊತ್ತುಂಟು: "ಅಬ್ಬ, ಕಷ್ಟ ಬಂದರೆ ಮನುಷ್ಯ ಹೇಗೆ ಬದಲಾಗ್ತಾನೆ!" ಕಷ್ಟವಾ? ಕಷ್ಟ ನಮ್ಮಲ್ಲಿ ಇಲ್ವಾ? ಹೊಸಮಠದ ಹಳೇ ಸೇತುವೆ ಮಳೆಗಾಲಕ್ಕೆ ಮುಳುಗಿ ಕಡಬದ ಕಡೆಯವರು ಗಂಟೆಗಟ್ಟಲೆ ಹೊಳೆ ನೋಡುತ್ತಾ ನಿಂತದ್ದು ಮರೆತಿರಾ? ನೀರು ಇಳಿಯಿತು, ದಾಟಿದರು. ಯಾರಾದರೂ ಬದಲಾದರಾ? ಸಾಲ ಕೊಡಬೇಕಾದವ ಆಚೆ ದಡದಿಂದಲೂ ಕೊಡಲಿಲ್ಲ.

ನನಗೆ ತೋರುವುದು ಬೇರೆ. ಆ ದ್ವೀಪದಲ್ಲಿ ಇದ್ದ ದೊಡ್ಡ ಸೌಕರ್ಯ ಎಂತ ಗೊತ್ತುಂಟಾ? ಹೆಚ್ಚಿನವರಿಗೆ ಗುರುತಿನವರು ಒಬ್ಬರೂ ಇರಲಿಲ್ಲ! "ನೀನು ಇಂಥವನ ಮಗ ಅಲ್ವನಾ" ಅಂತ ಕೇಳುವ ಒಂದು ಪ್ರಾಣಿ ಇಲ್ಲ. ಲಾಕ್ ಗುಮಾಸ್ತ ಅಂತ ಯಾರಿಗೆ ಗೊತ್ತು? ಚಾಕು ಎಸೆದು ತೋರಿಸಿದ, ಜನ ನಂಬಿದರು.

ಅದನ್ನೇ ಕಬಕದಲ್ಲಿ ಮಾಡಿ ನೋಡಿ. ನಾಳೆ ಬೆಳಿಗ್ಗೆ ಎದ್ದು ವಿಟ್ಲದ ದಾರಿಯಲ್ಲಿ ವಾಕಿಂಗು ಹೊರಡಿ. ನೂರು ಮಾರು ಹೋಗಿಲ್ಲ, "ಎಂತ, ಶುಗರು ಬಂತಾ?" ಹೆಂಡತಿಯ ಕೈಯ ಚೀಲ ನೀವು ಹಿಡಿಯಿರಿ. "ಅವರಿಗೆ ಸೌಖ್ಯ ಇಲ್ವಾ?" ಹೋಟೆಲಿನಲ್ಲಿ ನಾಲ್ಕು ಜನರ ಚಾದ ದುಡ್ಡು ನೀವೇ ಕೊಡಿ. "ಪಂಚಾಯತಿಗೆ ನಿಲ್ಲುವುದಾ?" ಹನ್ನೊಂದು ಗಂಟೆಯೊಳಗೆ ನಿಮ್ಮನ್ನು ಹಳೇ ನೀವೇ ಮಾಡಿ ಮನೆಗೆ ಕಳಿಸುತ್ತಾರೆ.

ಹಾಗಾದರೆ ನಿಮಗೆ ದ್ವೀಪವೇ ಇಲ್ವಾ? ಉಂಟು. ಬೆಂಗಳೂರಿನಿಂದ ಊರಿಗೆ ಬರುವ ರಾತ್ರಿ ಬಸ್ಸು. ಶಿರಾಡಿ ಘಾಟಿ. ಮಾರನಹಳ್ಳಿ ದಾಟಿದ್ದೀರಿ, ಗುಂಡ್ಯ ಇನ್ನೂ ಬಂದಿಲ್ಲ. ರಾತ್ರಿ ಒಂದು ಗಂಟೆ, ಜೋರು ಮಳೆ. ಮುಂದೆ ಎಲ್ಲೋ ಮರವೋ ಲಾರಿಯೋ ಅಡ್ಡ ಬಿದ್ದಿದೆ. ಇಂಜಿನ್ನು ಬಂದ್.

ಹೋದ ವರ್ಷ ಅಂಥ ಒಂದು ರಾತ್ರಿ ನಾನೂ ಆ ಬಸ್ಸಿನಲ್ಲಿ ಇದ್ದೆ. ನೀವೂ ಇದ್ದಿರಿ. ಸೀಟು ಹದಿನೇಳು, ಕಿಟಕಿ. ಪಕ್ಕದ ಖಾಲಿ ಸೀಟಿನಲ್ಲಿ ಬ್ಯಾಗು ಇಟ್ಟು, ಹಾಸನದಲ್ಲಿ ಜನ ಹತ್ತುವಾಗ ಬಾಯಿ ತೆರೆದು ನಿದ್ದೆಯ ನಟನೆ ಮಾಡಿದಿರಿ. (ನಿದ್ದೆ ಬಂದವರು ಒಂದು ಕಣ್ಣು ಬಿಟ್ಟು ಬ್ಯಾಗು ನೋಡುವುದಿಲ್ಲ.) ಬ್ಯಾಗಿನಲ್ಲಿ ಎರಡು ಬಾಟ್ಲಿ ನೀರು, ಒಂದು ಕಟ್ಟು ಬಿಸ್ಕುಟು, ಮಗಳಿಗೆ ಅಂತ ಕೊಂಡ ಬೆಣ್ಣೆ ಮುರುಕು.

ಮೊದಲ ಒಂದು ಗಂಟೆ ಎಲ್ಲರೂ ಸಾಯರ್. ತಿಂಡಿ ಚೀಲದ ಜಿಪ್ಪು ಎಳೆದದ್ದು ಕೇಳಬಾರದು ಅಂತ ನೀವು ಕೆಮ್ಮಿ ಕೆಮ್ಮಿ ಬಿಸ್ಕುಟು ತಿಂದಿರಿ. ಮೂರನೇ ಸೀಟಿನ ಸಫಾರಿ ಅಂಗಿಯವರು ಡ್ರೈವರಿಗೆ ಸಮಾ ಬೈದರು, ಮರ ಅವರೇ ಬೀಳಿಸಿದ ಹಾಗೆ. ಹಿಂದೆ ಕಾಲೇಜು ಹುಡುಗರು ಅವರಿಗೆ ಒಂದು ಅಡ್ಡಹೆಸರೂ ಇಟ್ಟಾಯ್ತು. ಫೋನಿಗೆ ಸಿಗ್ನಲು ಇಲ್ಲ, ಹೊರಗೆ ಕೆಂಪುಹೊಳೆಯ ಸದ್ದು ಮಾತ್ರ.

ಮೂರು ಗಂಟೆ ಹೊತ್ತಿಗೆ ಒಂದು ಮಗು ಅಳಲಿಕ್ಕೆ ಶುರು. ಹಾಲು ಮುಗಿದಿದೆ, ತಾಯಿಗೆ ಸುಸ್ತು. ಆಗ ನೀವು ಎಂತ ಮಾಡಿದಿರಿ ಅಂತ ನಾನು ಕಣ್ಣಾರೆ ನೋಡಿದೆ. ಬ್ಯಾಗು ಕೆಳಗೆ ಇಟ್ಟಿರಿ. ಆ ತಾಯಿಯನ್ನು ಪಕ್ಕ ಕೂರಿಸಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಮೊಬೈಲಿನ ಟಾರ್ಚಿನಲ್ಲಿ ಬಸ್ಸಿನ ಗೋಡೆಗೆ ನಾಯಿ, ಹಕ್ಕಿ, ಮೊಲ ಮಾಡಿ ತೋರಿಸಿದಿರಿ. ಸ್ವಂತ ಮಕ್ಕಳಿಗೆ ಯಾವಾಗ ಮಾಡಿದ್ದಿರಿ ಅದನ್ನು? ಮುರುಕು ಕೂಡ ಹಂಚಿದಿರಿ, ನನಗೂ ಎರಡು ಸಿಕ್ಕಿತು. ಸಫಾರಿಯವರು ಕೊಡೆ ಹಿಡಿದು ಕಂಡಕ್ಟರನ ಒಟ್ಟಿಗೆ ಮುಂದೆ ನಡೆದುಹೋಗಿ ಸುದ್ದಿ ತಂದರು. ಹುಡುಗರು ಲಾರಿಯವರ ಜೊತೆ ಕೊಂಬೆ ಎಳೆದರು. ನಾನು? ನಾನು ಭಜನೆ ಹೇಳಿಕೊಟ್ಟೆ. (ಮನೆಯಲ್ಲಿ ನನಗೆ ರಾಗ ಇಲ್ಲ ಅಂತ ತೀರ್ಮಾನ ಆಗಿ ಇಪ್ಪತ್ತೆಂಟು ವರ್ಷ. ಅಲ್ಲಿ ಯಾರಿಗೆ ಗೊತ್ತು?)

ಐದೂವರೆಗೆ ದಾರಿ ಬಿಟ್ಟಿತು. ಗುಂಡ್ಯದಲ್ಲಿ ಚಾ ಕುಡಿಯುವಾಗ ಎಲ್ಲರೂ ಒಂದೇ ಮನೆಯವರು. ನಂಬರು ಕೊಟ್ಟುಕೊಂಡಿರಿ, "ಮನೆಗೆ ಬರಲೇಬೇಕು" ಅಂದಿರಿ. ನೆಲ್ಯಾಡಿಯಲ್ಲಿ ಸಿಗ್ನಲು ಬಂತು. ಅಲ್ಲಿಂದ ನಾನು ನಿಮ್ಮನ್ನೇ ನೋಡ್ತಾ ಇದ್ದೆ. ಮೊದಲು ಫೋನು ತೆಗೆದಿರಿ. ಆಮೇಲೆ ಧ್ವನಿ ಗಡುಸಾಯಿತು, "ಬಿಸಿನೀರು ಕಾಯಿಸಿ ಇಡು, ಎಷ್ಟು ಸಲ ಹೇಳಬೇಕು?" ಉಪ್ಪಿನಂಗಡಿಯಲ್ಲಿ ತಾಯಿ ಮಗು ಇಳಿದರು, ಟಾಟಾ ಮಾಡಿದಿರಿ. ಬ್ಯಾಗನ್ನು ಎತ್ತಿ ಪುನಃ ಪಕ್ಕದ ಸೀಟಿಗೆ ಇಟ್ಟಿರಿ.

ಮತ್ತೆ ಒಂದು ತಿಂಗಳಿಗೆ ಪುತ್ತೂರು ಸೋಮವಾರ ಸಂತೆಯಲ್ಲಿ ನಾವು ಎದುರೆದುರೇ ಸಿಕ್ಕಿದೆವು. ನೀವು ಬಸಳೆಯ ಕಟ್ಟು ಆಯುವುದರಲ್ಲಿ ಭಾರೀ ಮಗ್ನರಾದಿರಿ. ಬೇಜಾರು ಮಾಡಬೇಡಿ, ನಾನೂ ಆ ಹೊತ್ತಿಗೆ ಚಿಲ್ಲರೆ ಹುಡುಕುತ್ತಿದ್ದೆ. ನಮ್ಮ ಒಟ್ಟಿಗೆ ಬೇರೆ ಬೇರೆ ಗುರುತಿನವರು ಇದ್ದರು ನೋಡಿ. ಭಜನೆ ಹೇಳಿದವಳು, ಮೊಲ ಮಾಡಿದವರು ಅಂತ ಪರಿಚಯ ಮಾಡಿಕೊಡುವುದು ಹೇಗೆ?

ಲಾಸ್ಟಿನವರು ಇನ್ನೊಂದು ಉಪಾಯ ಮಾಡಿದ್ದಾರೆ. ಹೆಚ್ಚಿನ ಕಂತುಗಳಲ್ಲಿ ಒಬ್ಬೊಬ್ಬರ ಹಿಂದಿನ ಬದುಕು ತೋರಿಸ್ತಾ ಹೋಗುವುದು. ಬಾಕಿಯವರಿಗೆ ಗೊತ್ತಿಲ್ಲ, ನಿಮಗೆ ಮಾತ್ರ ಗೊತ್ತು. ಅಲ್ಲಿಗೆ ನೀವು ಅರ್ಧ ಕ್ಷಮಿಸಿ ಆಯ್ತು. ಇದರಲ್ಲಿ ನಮ್ಮ ಬಾಲವನದ ಕಾರಂತರು ಅವರಿಗಿಂತ ನಲವತ್ತು ವರ್ಷ ಮುಂದೆ. 1960ರ 'ಅಳಿದ ಮೇಲೆ' ಕಾದಂಬರಿಯಲ್ಲಿ ರೈಲಿನಲ್ಲಿ ಪರಿಚಯವಾದ ಯಶವಂತರಾಯರು ತೀರಿಕೊಂಡ ಮೇಲೆ ಅವರ ಜನರನ್ನು ಹುಡುಕಿಕೊಂಡು ಹೋಗುವುದೇ ಕಥೆ. ಒಬ್ಬೊಬ್ಬರ ಬಾಯಲ್ಲಿ ಒಬ್ಬೊಬ್ಬ ಯಶವಂತರಾಯ. ವಿಮಾನ ಕೆಡವುವ ಖರ್ಚೂ ಇಲ್ಲ.

ತಾಳಮದ್ದಳೆಯ ಊರಿನವರಿಗೆ ಇದನ್ನು ವಿವರಿಸಬೇಕಾ? ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ ಕೂತರೆ, ಬಾಣ ಬಿಟ್ಟ ರಾಮನೇ ಉತ್ತರ ಹುಡುಕಬೇಕಿತ್ತು. ರಾವಣನಾಗಿ ಮಾತಾಡಿದರೆ ಹೊರಡುವಾಗ ನಿಮಗೆ ಸೀತೆಯ ನೆನಪೇ ಇರುತ್ತಿರಲಿಲ್ಲ. ಪ್ರಸಂಗದ ಪದ್ಯ ಅದೇ, ಅರ್ಥ ಹೇಳುವವರು ಬದಲಾದರೆ ಪಾತ್ರದ ಮೈಬಣ್ಣವೇ ಬೇರೆ. ವಾಲಿಯ ಕಡೆಗೂ ನ್ಯಾಯ ಉಂಟು ಅಂತ ಬೆಳಗಿನ ಜಾವ ನಾಲ್ಕು ಗಂಟೆಗೆ ತಲೆದೂಗಿ ಬಂದವರು ನೀವು.

ಹೌದಾ? ಹಾಗಾದರೆ ನಿಮ್ಮ ದೊಡ್ಡಪ್ಪನ ಮಗನ ವಿಷಯ ಎಂತ? ಹಿಸ್ಸೆಯಲ್ಲಿ ಬಾವಿಯ ಕಡೆಯ ಗದ್ದೆ ಅವ ಹೊಡೆದುಕೊಂಡ ಅಂತ ಎಷ್ಟು ವರ್ಷದಿಂದ ಮಾತು ಬಿಟ್ಟಿದ್ದೀರಿ? ಅವನ ಕಡೆಗೆ ಅರ್ಥ ಹೇಳುವವರು ಯಾರೂ ಇಲ್ವಾ? ಹತ್ತು ಸಂಸಾರ ಮುಳುಗಿಸಿದ ಸಾಯರನಿಗೆ ಕಣ್ಣೀರು ಹಾಕಿದಿರಿ. ಈ ಪಾಪದವ ಮಗಳ ಮದುವೆ ಕಾಗದ ಹಿಡಿದು ಬಂದಾಗ ಮಾತ್ರ "ಅವನ ಬುದ್ಧಿ ನನಗೆ ಗೊತ್ತಿಲ್ವಾ" ಅಂದಿರಿ. (ಊಟಕ್ಕೆ ಹೋಗಿದ್ದಿರಿ. ಹೋಳಿಗೆ ಎರಡು ಸಲ ಹಾಕಿಸಿಕೊಂಡದ್ದೂ ನೋಡಿದೆ.)

ಸಿಟ್ಟು ಬಂತಾ? ನಿಲ್ಲಿ, ನಮ್ಮ ಮನೆಯ ಕಥೆಯೂ ಉಂಟು. ತೋಡಿನ ಆಚೆ ಬದಿ ಒಂದು ಮನೆ. ನಡುವೆ ಅಡಿಕೆ ಮರದ ಸಂಕ. ಸಂಕದ ಹತ್ತಿರ ಒಂದು ತೆಂಗಿನಮರ, ಬುಡ ನಮ್ಮದು, ತಲೆ ಅವರ ಕಡೆಗೆ. ಕಾಯಿ ಯಾರದ್ದು? ಈ ಒಂದು ಪ್ರಶ್ನೆಯಲ್ಲಿ ಹನ್ನೊಂದು ವರ್ಷದಿಂದ ಎರಡು ಮನೆಯ ಗಂಡಸರಿಗೆ ಮಾತಿಲ್ಲ. ಹೆಂಗಸರು ನಾವು ಬಟ್ಟೆ ಒಣಗಿಸುವ ನೆವದಲ್ಲಿ ಮಾತಾಡ್ತೇವೆ, ಅದು ಬೇರೆ ವಿಷಯ.

ಜುಲೈ ಕೊನೆ. ನಮ್ಮ ಲಾಸ್ಟು ಕಡೇ ಕಂತಿಗೆ ಬಂತು. ಜ್ಯಾಕ್ ಬಿದಿರು ಮೆಳೆಯ ಕಡೆಗೆ ನಡೆಯುತ್ತಾ ಇದ್ದಾನೆ. ಲ್ಯಾಪ್‌ಟಾಪಿನಲ್ಲಿ ಚಾರ್ಜು ನಾಲ್ಕು ಪರ್ಸೆಂಟು, ಮೂರು, ಎರಡು... ಹೋಯಿತು. ಕರೆಂಟು ಹೋಗಿ ಅದಾಗಲೇ ಎರಡು ದಿನ. ಆರು ಸೀಸನ್ನು ನೋಡಿದವರಿಗೆ ಕಡೇ ಹತ್ತು ನಿಮಿಷ ಇಲ್ಲ! ಕತ್ತಲೆಯಲ್ಲಿ ನಾವಿಬ್ಬರೂ ಒಂದೇ ಕಡೆ ನೋಡಿದೆವು. ತೋಡಿನ ಆಚೆ ಅವರಲ್ಲಿ ದೀಪ ಉರೀತಾ ಉಂಟು. ಸೋಲಾರು.

ನಾನು ಒಂದು ಮಾತೂ ಹೇಳಲಿಲ್ಲ. ನಮ್ಮವರು ಎದ್ದರು, ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು, ಕೊಡೆ ತೆಗೆದರು. ಜಗಲಿಯಲ್ಲಿ ನಿಂತು ನಾನು ಟಾರ್ಚಿನ ಬೆಳಕು ನೋಡ್ತಾ ಇದ್ದೆ. ಸಂಕದ ನಡುವಿಗೆ ಹೋಗಿ ಅದು ನಿಂತಿತು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಆಚೆಗೆ ದಾಟಿತು. ಮಾರಾಯ್ರೆ, ಲಾಕ್ ಎದ್ದು ನಿಂತಾಗ ಆದ ಹಾಗೆಯೇ ಆಯಿತು ನನಗೆ.

ಕಾಲು ಗಂಟೆಯಲ್ಲಿ ಬಂದರು. ಕೈ ಖಾಲಿ.

"ಎಂತ ಹೇಳಿದರು?"

"ಚಾರ್ಜಿಗೆ ಹಾಕಿ ಅಂದರು. ಅವರ ಮನೆಯಲ್ಲೂ ಇದನ್ನೇ ನೋಡ್ತಾ ಇದ್ದಾರೆ. ಮಗಳು ಕೊಟ್ಟದ್ದಂತೆ. ಈಗ ಮೂರನೇ ಸೀಸನ್ನು."

"ಹೌದಾ! ಮತ್ತೆ?"

"ಕೂರಿ ಅಂದರು. ಬೆಲ್ಲದ ಕಾಫಿ ಕೊಟ್ಟರು, ಹಲಸಿನ ಹಪ್ಪಳ ಕೊಟ್ಟರು. ನಾವು ಮುಗಿಸುತ್ತಾ ಬಂದಿದ್ದೇವೆ ಅಂತ ಗೊತ್ತಾದ ಮೇಲೆ ಕೈ ಮುಗಿದು ಹೇಳಿದರು, ಒಂದು ಉಪಕಾರ ಮಾಡಿ, ಮುಂದಿನ ಕಥೆ ಮಾತ್ರ ಹೇಳಬೇಡಿ ಮಾರಾಯ್ರೆ, ಅಂತ."

ನನ್ನ ಎದೆ ಧಸಕ್ಕೆಂದಿತು. "ನೀವು ಹೇಳಲಿಲ್ಲ ಅಲ್ವಾ?"

ಅವರು ಕೊಡೆ ಮಡಚಿ, ಕಾಲು ಒರಸಿ, ಟಾರ್ಚು ಗೂಟಕ್ಕೆ ಸಿಕ್ಕಿಸಿದರು. "ಸಾಯರ್ ಹೆಲಿಕಾಪ್ಟರಿನಿಂದ ಹಾರ್ತಾನೆ ಅಂತ ಮಾತ್ರ ಹೇಳಿದೆ."

ಲ್ಯಾಪ್‌ಟಾಪು ಇನ್ನೂ ಅಲ್ಲೇ ಉಂಟು. ತರಲಿಕ್ಕೆ ಯಾರು ಹೋಗುವುದು ಅಂತ ಈಗ ಪ್ರಶ್ನೆ. ನೀವು ಹೇಗೂ ಈ ಕಡೆ ಬರುವವರಲ್ವಾ? ನಿಮ್ಮನ್ನು ಅವರಿಗೆ ಗುರುತೂ ಇಲ್ಲ.